ಎನಿಡ್ ಮೂವತ್ತು ವರ್ಷ ಕಾದ ಕಾಗದ

ಎನಿಡ್ ಟ್ರೆಗಿಯರ್‌ನಂಥ ಹಟಮಾರಿ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಮ್ಮೆ ಕ್ರಿಸ್‌ಮಸ್ ಕೇಕು ನಡುವೆ ಕುಸಿಯಿತೆಂದು ಒಳ್ಳೆಯ ಒಲೆಯನ್ನೇ ಮಾರಿ ಹೊಸದು ತಂದಳು. ಹೊಸ ಒಲೆಯಲ್ಲೂ ಕುಸಿಯಿತು. "ನೀನು ಹಿಟ್ಟು ಸರಿಯಾಗಿ ಕಲಸಿಲ್ಲ ಕಣೇ" ಎಂದೆ. ಅಷ್ಟಕ್ಕೇ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಳು. ನಾನು ಗ್ಲೆನಿಸ್, ಅವಳ ಪಕ್ಕದ ಮನೆಯವಳು. ನಡುವೆ ಇರುವುದು ಒಂದು ತಗಡಿನ ಬೇಲಿ. ಆಸ್ಟ್ರೇಲಿಯಾದ ಗೋಧಿ ಸೀಮೆಯ ವಾಂಡಗಿನ್‌ನಂಥ ಪುಟ್ಟ ಊರಿನಲ್ಲಿ ಯಾರ ಜೊತೆಗಾದರೂ ಮಾತು ಬಿಡುವುದು ಹುಡುಗಾಟವಲ್ಲ. ಬ್ರೆಡ್ಡಿಗೆ ಹೋದರೂ ಅದೇ ಮುಖ, ಚರ್ಚಿಗೆ ಹೋದರೂ ಅದೇ ಮುಖ. ಅಂಥ ಊರಿನಲ್ಲಿ ಎನಿಡ್ ಒಡಹುಟ್ಟಿದ ತಮ್ಮನ ಜೊತೆ ಮೂವತ್ತು ವರ್ಷ ಮಾತಾಡಲಿಲ್ಲ.

ತಮ್ಮನ ಹೆಸರು ಕ್ಲೆಮ್ ವಿಗ್ನಲ್. ತಾಯಿ ಹಾಸಿಗೆ ಹಿಡಿದಾಗ ಅವನಿಗಿನ್ನೂ ಷೂ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಎನಿಡ್ ಶಾಲೆ ಬಿಟ್ಟು ಅವನನ್ನು ಸಾಕಿದಳು. ದೊಡ್ಡವನಾಗಿ ಅವನು ಗೋಧಿ ಬೆಳೆದ, ಕುರಿ ಮಂದೆ ಮಾಡಿಕೊಂಡ, ಲೋರ್ನಾಳನ್ನು ಮದುವೆಯಾದ. ಆಮೇಲೆ ಅದೇನು ತಲೆ ಕೆಟ್ಟಿತೋ, ಚುನಾವಣೆಗೆ ನಿಂತ. ಮತದಾನದ ದಿನ ಶಾಲೆಯ ಬಾಗಿಲಲ್ಲಿ ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಕೊಡುತ್ತಿದ್ದವಳು ಎನಿಡ್. "ತಿಂದ್ಮೇಲೆ ನನ್ ತಮ್ಮಂಗೇ ಹಾಕ್ಬೇಕು. ಇಲ್ಲಾಂದ್ರೆ ತಿಂದಿದ್ದೆಲ್ಲ ಕಕ್ಕಿಸ್ತೀನಿ" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಗೆದ್ದ. ಎರಡನೆಯ ಸಲ ಗೆದ್ದಾಗ ಮಂತ್ರಿಯೂ ಆದ. ಯಾವುದಕ್ಕೆ? ಮೀನುಗಾರಿಕೆಗೆ! ಹೊಳೆಯಿಲ್ಲ, ಕೆರೆಯಿಲ್ಲ, ಅಂಥ ಸೀಮೆಯವನಿಗೆ ಮೀನು. ಪಬ್ಬಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಎನಿಡ್ ಮಾತ್ರ ಪತ್ರಿಕೆಯಲ್ಲಿ ಬಂದ ಅವನ ಫೋಟೋ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಅವಳ ಅಡುಗೆಮನೆ ಎಂದರೆ ಊರಿನ ಆಸ್ಪತ್ರೆಯದು. ಅಲ್ಲಿ ಅವಳು ಅಡುಗೆಯವಳು. ಚಿಕ್ಕ ಆಸ್ಪತ್ರೆ, ಅದಕ್ಕೊಂದು ಹೆರಿಗೆ ಕೋಣೆ. ನಮ್ಮ ಊರಿನವರು ಮುಕ್ಕಾಲು ಪಾಲು ಹುಟ್ಟಿದ್ದು ಆ ಕೋಣೆಯಲ್ಲೇ. ಹೆತ್ತವಳಿಗೆ ಅವಳು ಮಾಡಿಕೊಡುತ್ತಿದ್ದ ಬಾರ್ಲಿ ಹಾಕಿದ ಕುರಿಮಾಂಸದ ಸೂಪು ಎಷ್ಟು ರುಚಿ ಎಂದರೆ, "ಇದಕ್ಕೋಸ್ಕರಾನೇ ಇನ್ನೊಂದು ಹೆರ್ತೀನಿ" ಎನ್ನುವವರಿದ್ದರು. ನಾನೂ ಹಾಗೆಂದವಳೇ.

ಆ ಆಸ್ಪತ್ರೆಯನ್ನು ಮುಚ್ಚಿದರು. ಒಂದು ಸೋಮವಾರ ರಾಜಧಾನಿಯಲ್ಲಿ ಸಚಿವ ಸಂಪುಟ ಕೂತಿತು, ಸಂಜೆಯ ರೇಡಿಯೋದಲ್ಲಿ ಗೋಧಿ ಸೀಮೆಯ ಚಿಕ್ಕ ಆಸ್ಪತ್ರೆಗಳಿಗೆಲ್ಲ ಬೀಗ ಎಂದು ಬಂತು. ವಾರದ ಕೊನೆಗೆ ಕ್ಲೆಮ್ ಊರ ಸಭಾಂಗಣಕ್ಕೆ ಬಂದ. ಕೋಟು ಹಾಕಿದ್ದ, ಬೆವರುತ್ತಿದ್ದ. "ಇದು ಸಂಪುಟದ ತೀರ್ಮಾನ. ನಾವೆಲ್ಲ ಸೇರಿ ಮಾಡಿದ್ದು. ನಾನು ಅದಕ್ಕೆ ಬದ್ಧ" ಎಂದ.

"ಬದ್ಧನಂತೆ ಬದ್ಧ! ಥೂ ನಿನ್ನ!" ಎಂದು ಹಿಂದಿನಿಂದ ಕೂಗಿದವನು ಮರ್ವ್, ಕುರಿ ಉಣ್ಣೆ ಕತ್ತರಿಸುವವನು. "ನಿನ್ ಹೆಂಡ್ತಿಗೆ ಬೇನೆ ಬಂದಿದ್ರೆ ಗೊತ್ತಾಗ್ತಿತ್ತು ಕಣಯ್ಯಾ."

ಎನಿಡ್ ಕೂತಲ್ಲಿಂದ ಎದ್ದಳು. "ಮುಚ್ಚೋ ಬಾಯಿ ಮರ್ವ್. ಒಳಗೆ ಏನು ನಡೀತು ಅಂತ ನೀನು ಹೋಗಿ ನೋಡಿದ್ಯಾ? ಒಳಗೆ ಬೇಡ ಅಂದವನೂ ಹೊರಗೆ ಬಂದು ಹೂಂ ಅನ್ಲೇಬೇಕು. ಅದು ಅವರ ಪದ್ಧತಿ. ನನ್ ತಮ್ಮ ಜಗಳ ಆಡೇ ಆಡಿರ್ತಾನೆ."

ಪದ್ಧತಿಯ ಮಾತು ನಿಜ. ಆ ಕೋಣೆಯಲ್ಲಿ ಎಷ್ಟೇ ಕಿತ್ತಾಡಿದರೂ ಹೊರಗೆ ಬಂದಮೇಲೆ ಎಲ್ಲ ಮಂತ್ರಿಗಳದೂ ಒಂದೇ ಬಾಯಿ. ಯಾರು ಏನೆಂದರು ಎಂದು ಹೇಳುವ ಹಾಗಿಲ್ಲ, ಪ್ರಮಾಣ ಮಾಡಿರುತ್ತಾರೆ. ಕಾಗದಗಳನ್ನೂ ಮೂವತ್ತು ವರ್ಷ ಬೀಗ ಹಾಕಿಟ್ಟು, ಆಮೇಲೆ ಒಂದು ಹೊಸ ವರ್ಷದ ದಿನ ಜನರಿಗೆ ತೆರೆಯುತ್ತಾರೆ. ಎನಿಡ್ ತನ್ನ ಕೆಲಸ ಕಳೆದುಕೊಂಡು ಹೆದ್ದಾರಿಯ ಪೆಟ್ರೋಲ್ ಬಂಕಿನ ಹೋಟೆಲಿನಲ್ಲಿ ಮೊಟ್ಟೆ ಹುರಿಯಲು ಹೋದಳು. ಆಗಲೂ ತಮ್ಮನ ಮೇಲೆ ಒಂದು ಮಾತು ಆಡಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಅವಳ ಒಬ್ಬಳೇ ಮಗಳು ಕೆರಿನ್ ತುಂಬು ಬಸುರಿ. ಒಂದು ಬೆಳಿಗ್ಗೆ ರಕ್ತ ಹೋಗಲು ಶುರುವಾಯಿತು. ನಮ್ಮಲ್ಲಿ ಆಂಬುಲೆನ್ಸು ಓಡಿಸುವವರು ಊರಿನವರೇ, ಸಂಬಳ ಗಿಂಬಳ ಇಲ್ಲ. ಅವತ್ತು ಬ್ರೆಡ್ ಅಂಗಡಿಯ ಬಾರ್ಟ್ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಎನಿಡ್ ಹಿಂದೆ ಮಗಳ ಕೈ ಹಿಡಿದು ಕೂತಿದ್ದಳು. ದೊಡ್ಡ ಆಸ್ಪತ್ರೆ ಇರುವ ಊರು ದೂರ. ಅರ್ಧ ದಾರಿಯಲ್ಲಿ ಕೆರಿನ್ ಹೋದಳು, ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು. ನಮ್ಮ ಆಸ್ಪತ್ರೆ ಇದ್ದಿದ್ದರೆ ಉಳಿಯುತ್ತಿದ್ದಳೇ ಎಂದು ನನ್ನನ್ನು ಕೇಳಬೇಡಿ, ನಾನು ಡಾಕ್ಟರಲ್ಲ. ಆದರೆ ಬೀಗ ಹಾಕಿದ ಆ ಬಾಗಿಲ ಮುಂದೆಯೇ ಆಂಬುಲೆನ್ಸು ಹಾದುಹೋಯಿತು. ಅದನ್ನು ಎನಿಡ್ ಕಿಟಕಿಯಿಂದ ನೋಡಿದಳು.

ಮಣ್ಣು ಮುಗಿಸಿ ಬಂದು ಸಭಾಂಗಣದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದೆವು. ನಾನು ಹಿಂದಿನ ಅಡುಗೆಕೋಣೆಯಲ್ಲಿ ಕಪ್ಪು ತೊಳೆಯುತ್ತಿದ್ದೆ, ಎನಿಡ್ ಒರೆಸಿಡುತ್ತಿದ್ದಳು. ಸುಮ್ಮನೆ ಕೂರು ಎಂದರೆ ಕೇಳುವವಳಲ್ಲ. ಆಗ ಕ್ಲೆಮ್ ಒಳಗೆ ಬಂದ. ಅತ್ತು ಅತ್ತು ಮುಖ ಊದಿಕೊಂಡಿತ್ತು. ಅಕ್ಕನನ್ನು ತಬ್ಬಿಕೊಳ್ಳಲು ಕೈ ಚಾಚಿದ.

"ಒಂದ್ನಿಮಿಷ" ಎಂದಳು ಎನಿಡ್. "ಒಂದೇ ಒಂದು ಮಾತು ಹೇಳಿಬಿಡು ಕ್ಲೆಮ್. ಆವತ್ತು ಆ ಕೋಣೇಲಿ ನೀನು ಬೇಡ ಅಂದ್ಯಾ, ಇಲ್ವಾ?"

"ಎನ್..." ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. "ಎನ್, ಅದನ್ನ ಹೇಳೋ ಹಾಗಿಲ್ಲ ಕಣೇ. ನಿಂಗೇ ಗೊತ್ತಲ್ಲ."

"ಊರಿಗೆ ಹೇಳ್ಬೇಡ. ನಂಗೆ ಹೇಳು."

ಅವನು ನನ್ನ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಆಚೆ ಅವನ ಪಕ್ಷದವರೂ ಪತ್ರಿಕೆಯ ಒಬ್ಬನೂ ನಿಂತಿದ್ದರು. "ಮೂವತ್ತು ವರ್ಷ ಆದ್ಮೇಲೆ ಪೇಪರು ತೆರೀತಾರಲ್ಲ, ಆಗ ನೋಡ್ಕೋ" ಎಂದುಬಿಟ್ಟ.

ಎನಿಡ್ ಒರೆಸುತ್ತಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. "ಸರಿ. ಆವತ್ತೇ ನಿನ್ ಹತ್ರ ಮಾತಾಡ್ತೀನಿ" ಎಂದಳು.

ಕೋಪದ ಮಾತು, ಕ್ರಿಸ್‌ಮಸ್ಸಿನ ಹೊತ್ತಿಗೆ ಇಳಿಯುತ್ತದೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿದ್ದೆವು. ಮುಂದಿನ ಚುನಾವಣೆಯಲ್ಲಿ ಕ್ಲೆಮ್ ಸೋತು ಹೊಲಕ್ಕೆ ವಾಪಸು ಬಂದ. ಇನ್ನು ರಾಜಿಯಾಗುತ್ತಾರೆ ಎಂದೆವು. ಎಲ್ಲಿಯ ರಾಜಿ! ಅವನು ಕ್ರಿಸ್‌ಮಸ್ಸಿಗೆ ಒಂದು ಪೆಟ್ಟಿಗೆ ಚೆರ್ರಿ ತಂದು ಅವಳ ಗೇಟಿನ ಹತ್ತಿರ ನಿಲ್ಲುತ್ತಿದ್ದ. ಅವಳು ಹೊರಗೆ ಬರುವಳು, ಪೆಟ್ಟಿಗೆ ತೆಗೆದುಕೊಳ್ಳುವಳು, ಒಳಗೆ ಹೋಗುವಳು. ಅವನು ಇನ್ನೂ ಸ್ವಲ್ಪ ಹೊತ್ತು ಟೋಪಿ ಕೈಯಲ್ಲಿ ಹಿಡಿದು ನಿಂತೇ ಇರುತ್ತಿದ್ದ. ಏನಕ್ಕೆ ನಿಲ್ಲುತ್ತಾನೆ ಈ ಮನುಷ್ಯ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ನಡುವೆ ಸಿಕ್ಕಿ ಒದ್ದಾಡಿದವಳು ನಾನು. ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ ಅಕ್ಕ ಆ ತುದಿ, ತಮ್ಮ ಈ ತುದಿ.

"ಗ್ಲೆನಿಸ್, ನಿನ್ ಪಕ್ಕದ್ಮನೆಯವಳಿಗೆ ಹೇಳು, ಅವಳ ಮಳೆನೀರಿನ ಟ್ಯಾಂಕು ಸೋರ್ತಿದೆ ಅಂತ" ಎನ್ನುವನು ಕ್ಲೆಮ್.

"ಸೋರಿದ್ರೆ ಸೋರ್ಲಿ, ಅವರಪ್ಪಂದಲ್ಲ ಅಂತ ಹೇಳು" ಎನ್ನುವಳು ಎನಿಡ್, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಇಬ್ಬರಪ್ಪನೂ ಒಬ್ಬನೇ ಅಲ್ವೇನ್ರೇ! ನಾನೇನು ನಿಮ್ಮ ಟಪ್ಪಾಲಿನವಳಾ?" ಎಂದು ನಾನು ರೇಗಿದರೆ ಇಬ್ಬರಿಗೂ ನಗು ಬರುತ್ತಿತ್ತು. ಒಬ್ಬರನ್ನೊಬ್ಬರು ನೋಡದೆ ನಗುತ್ತಿದ್ದರು. ಮಾರನೆಯ ದಿನ ಎನಿಡ್ ಕೆಲಸಕ್ಕೆ ಹೋದ ಹೊತ್ತು ನೋಡಿ ಅವನೇ ಬಂದು ಟ್ಯಾಂಕು ರಿಪೇರಿ ಮಾಡಿ ಹೋದ.

ಅವಳಿಗೆ ಅವನ ಮೇಲೆ ದ್ವೇಷ ಇತ್ತೆಂದು ತಿಳಿಯಬೇಡಿ. ಒಮ್ಮೆ ಬಟಾಣಿ ಸುಲಿಯುತ್ತ ಕೂತಾಗ ಅವಳೇ ಬಾಯಿ ಬಿಟ್ಟಳು. "ಅವನು ಬೇಡ ಅಂದೇ ಇರ್ತಾನೆ ಕಣೇ. ನಂಗೆ ನೂರಕ್ಕೆ ನೂರು ಗೊತ್ತು. ಆದ್ರೂ ಒಂದು ಸಲ ಅದನ್ನ ಬರಹದಲ್ಲಿ ನೋಡ್ಬೇಕು. ನೋಡದೆ ಹೋಗಿ ತಬ್ಕೊಂಡ್ರೆ ಕೆರಿನ್‌ಗೆ ಏನು ಮುಖ ತೋರಿಸ್ಲಿ? ನೋಡಿದ್ಮೇಲೆ ಆ ಕತ್ತೆಯನ್ನ ಮನೆಗೆ ಕರ್ಕೊಂಡು ಬಂದು ಹೊಟ್ಟೆ ಬಿರಿಯೋ ಹಾಗೆ ಉಣ್ಣಿಸ್ತೀನಿ."

"ಸುಮ್ನೆ ಹೋಗಿ ಇನ್ನೊಂದ್ಸಲ ಕೇಳ್ಬಾರ್ದಾ?" ಎಂದೆ.

"ಒಂದ್ಸಲ ಕೇಳಿದ್ದಾಯ್ತು. ಭಿಕ್ಷೆ ಬೇಡಲ್ಲ ನಾನು."

ಹೀಗೆ ಒಂದೊಂದೇ ಹೊಸ ವರ್ಷ ಬಂತು. ಜನವರಿ ಒಂದರ ಪತ್ರಿಕೆಯಲ್ಲಿ ಹಳೆಯ ಸರ್ಕಾರದ ಗುಟ್ಟುಗಳು ಎಂದು ದೊಡ್ಡದಾಗಿ ಬರುತ್ತಿತ್ತು. ಎನಿಡ್ ಅದನ್ನು ತಪ್ಪದೆ ಓದುವಳು, ನಮ್ಮ ವರ್ಷ ಇನ್ನೂ ಬಂದಿಲ್ಲ ಎಂದು ಮಡಚಿಡುವಳು. ನಮ್ಮಲ್ಲಿ ಜನವರಿ ಎಂದರೆ ಸುಡುಬೇಸಿಗೆ, ಊರಿನವರು ಬೀಚಿಗೆ ಹೋಗುವ ದಿನ, ಇವಳದು ಇದೊಂದು ವ್ರತ. ಅವಳ ಕೂದಲು ಬೆಳ್ಳಗಾಯಿತು, ಅವನ ಬೆನ್ನು ಬಾಗಿತು.

ಕೊನೆಗೂ ಆ ವರ್ಷ ಹತ್ತಿರವಾಯಿತು. ಅಷ್ಟರಲ್ಲಿ ಕ್ಲೆಮ್‌ಗೆ ಮೇದೋಜೀರಕದಲ್ಲಿ ಕ್ಯಾನ್ಸರ್ ಎಂದರು. ಗೋಧಿ ಇನ್ನೂ ಹಸಿರಿದ್ದ ಕಾಲ. ನಾನು ಬೇಲಿ ಸುತ್ತಿ ಎನಿಡ್ ಮನೆಗೆ ನುಗ್ಗಿದೆ.

"ಹೋಗೇ ಮಾರಾಯ್ತಿ. ಅವನಿಗೆ ಹೆಚ್ಚು ದಿನ ಇಲ್ಲ."

ಅವಳ ಮುಖ ಬಿಳಿಚಿತು. "ಜನವರಿ ಇಲ್ಲೇ ಬಂತಲ್ಲೇ. ಕಾಗದ ಕೈಲಿ ಹಿಡ್ಕೊಂಡೇ ಹೋಗ್ತೀನಿ. ಇಷ್ಟು ವರ್ಷ ಕಾದು ಈಗ ಬರಿಗೈಲಿ ಹೋದ್ರೆ ಅವನಿಗೇ ಅವಮಾನ. ಸಾಯ್ತಿದ್ದಾನೆ ಅಂತ ಕನಿಕರಕ್ಕೆ ಬಂದ್ಳು ಅನ್ಕೋತಾನೆ."

"ಅಂದ್ಕೊಳ್ಲಿ ಬಿಡೇ! ನಿನ್ ತಲೇಲಿರೋದು ಮೆದುಳಾ ಸಗಣಿಯಾ?" ಎಂದು ಕೂಗಾಡಿದೆ. ಅವಳು ಕೇಳಲಿಲ್ಲ. ಅವನು ತಡೆಯುತ್ತಾನೆ, ನಮ್ಮ ವಂಶದವರು ಗಟ್ಟಿ ಎಂದಳು.

ಅವನು ತಡೆಯಲಿಲ್ಲ. ಕೊಯ್ಲಿನ ಯಂತ್ರಗಳು ಹೊಲದಲ್ಲಿ ಓಡಾಡುತ್ತಿದ್ದಾಗಲೇ ಹೋದ. ಚರ್ಚಿನಲ್ಲಿ ಎನಿಡ್ ಕೊನೆಯ ಬೆಂಚಿನಲ್ಲಿ ಕೂತಳು. ಅಳಲಿಲ್ಲ. ಶವಪೆಟ್ಟಿಗೆ ಹೊತ್ತವರು ಪಕ್ಕದಿಂದ ಹಾದುಹೋದಾಗ ಕೈ ಎತ್ತಿದವಳು ಅರ್ಧಕ್ಕೇ ಇಳಿಸಿದಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ತಬ್ಬಿಕೊಳ್ಳಬೇಕೂ ಅನಿಸಿತು.

ಹೊಸ ವರ್ಷದ ಪತ್ರಿಕೆ ಬಂತು. ಆ ಕಾಲದ ಮಂತ್ರಿಗಳು ಕಾರಿಗೆ ಏಸಿ ಬೇಕೋ ಬೇಡವೋ ಎಂದು ಒಂದು ಇಡೀ ಮಧ್ಯಾಹ್ನ ಚರ್ಚಿಸಿದ್ದರೆಂದು ಮುಖಪುಟದಲ್ಲಿ ತಮಾಷೆಯಾಗಿ ಬರೆದಿದ್ದರು. ಆಸ್ಪತ್ರೆಗಳಿಗೆ ಒಳಪುಟದಲ್ಲಿ ಒಂದೇ ಸಾಲು. ರಜೆ ಮುಗಿದು ರಾಜಧಾನಿಯ ಪತ್ರಾಗಾರ ಬಾಗಿಲು ತೆರೆದ ದಿನವೇ ನಾನು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅವಳು ಕೆರಿನ್ ಮದುವೆಗೆ ಹಾಕಿದ್ದ ನೀಲಿ ಉಡುಪು ಹಾಕಿಕೊಂಡಿದ್ದಳು. ಸೊಂಟದಲ್ಲಿ ಬಿಗಿಯಾಗಿ ಅರ್ಧ ಜಿಪ್ಪು ತೆರೆದೇ ಇತ್ತು. ಮೇಲೊಂದು ಸ್ವೆಟರು ಹೊದ್ದಿದ್ದಳು, ಆ ಬಿಸಿಲಲ್ಲಿ.

ಓದುವ ಕೋಣೆಯಲ್ಲಿ ಇಮೋಜೆನ್ ಎಂಬ ಹುಡುಗಿ ಕಡತ ತಂದು ಮುಂದಿಟ್ಟಳು. ದಪ್ಪವಾಗಿತ್ತು. ಎನಿಡ್ ಕನ್ನಡಕ ಒರೆಸಿದಳು, ಮತ್ತೆ ಒರೆಸಿದಳು. ಆರೋಗ್ಯ ಮಂತ್ರಿಯ ಪ್ರಸ್ತಾವ, ಖರ್ಚಿನ ಲೆಕ್ಕ, ಹಾಸಿಗೆಗಳ ಲೆಕ್ಕ, ಹಣಕಾಸು ಇಲಾಖೆಯ ಒಪ್ಪಿಗೆ. ಕೊನೆಗೆ ಒಂದು ಹಾಳೆ. ಮೇಲೆ ಹಾಜರಿದ್ದವರ ಹೆಸರು, ಅದರಲ್ಲಿ ಕ್ಲೆಮ್‌ನದೂ ಇತ್ತು. ಕೆಳಗೆ, ಪ್ರಸ್ತಾವವನ್ನು ಸಂಪುಟ ಒಪ್ಪಿತು ಎಂದಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

ಎನಿಡ್ ಹಾಳೆ ತಿರುವಿ ಹಿಂದೆ ನೋಡಿದಳು. ಖಾಲಿ. "ಮುಂದಿನ್ದು ಎಲ್ಲಮ್ಮಾ?" ಎಂದು ಕೇಳಿದಳು.

"ಯಾವುದು ಮೇಡಂ?"

"ಯಾರು ಬೇಡ ಅಂದ್ರು, ಯಾರು ಹೂಂ ಅಂದ್ರು, ಅದು."

ಇಮೋಜೆನ್ ಪಕ್ಕದ ಕುರ್ಚಿ ಎಳೆದು ಕೂತಳು. ಒಳ್ಳೆಯ ಹುಡುಗಿ, ದನಿ ತಗ್ಗಿಸಿ ಹೇಳಿದಳು. "ಅದನ್ನ ಬರೆಯೋದೇ ಇಲ್ಲ ಮೇಡಂ. ನಮ್ಮ ಸಂಪುಟದಲ್ಲಿ ಕೈ ಎತ್ತೋದು, ಲೆಕ್ಕ ಹಾಕೋದು ಅಂತ ಇಲ್ಲ. ಏನು ತೀರ್ಮಾನ ಆಯ್ತೋ ಅಷ್ಟೇ. ಯಾವ ವರ್ಷದ ಕಡತ ತೆಗೆದ್ರೂ ಹೀಗೇ ಇರುತ್ತೆ."

"ಮಂತ್ರಿ ಆದವನಿಗೆ ಇದು ಗೊತ್ತಿರುತ್ತಾ?"

ಹುಡುಗಿ ನನ್ನ ಮುಖ ನೋಡಿದಳು. "ಗೊತ್ತಿರುತ್ತೆ ಮೇಡಂ. ಪ್ರತಿ ವಾರ ಇಂಥದೇ ಹಾಳೆ ಅವರ ಕೈಗೆ ಬರ್ತಿತ್ತಲ್ಲ" ಎಂದಳು.

ಹಿಂತಿರುಗುವ ದಾರಿಯುದ್ದಕ್ಕೂ ಎನಿಡ್ ಬೈದಳು. ಅವಳ ಬಾಯಲ್ಲಿ ಅಂಥ ಮಾತುಗಳನ್ನು ನಾನು ಕೇಳಿದ್ದೇ ಇಲ್ಲ. ಸುಳ್ಳ, ಹೇಡಿ, ಏನೂ ಬರೆದಿರಲ್ಲ ಅಂತ ಗೊತ್ತಿದ್ದೂ ನನ್ನನ್ನು ಮೂವತ್ತು ವರ್ಷ ಕಾಯಿಸಿದ, ಹೂಂ ಅಂದಿದ್ದಕ್ಕೇ ತಾನೇ ಮುಚ್ಚಿಟ್ಟಿದ್ದು ಎಂದಳು. ಮನೆಗೆ ಹೋಗಬೇಡ, ಲೋರ್ನಾ ಹತ್ತಿರ ಹೋಗು ಎಂದು ಹಟ ಹಿಡಿದಳು. ನಾನು ಕ್ಲೆಮ್‌ನ ಹೊಲದ ಮನೆಗೆ ಕಾರು ತಿರುಗಿಸಿದೆ.

ಲೋರ್ನಾ ಜಗುಲಿಯಲ್ಲಿ ಅವನ ಬಟ್ಟೆಗಳನ್ನು ಮಡಚಿ ದಾನಕ್ಕೆ ಕೊಡಲು ಚೀಲಕ್ಕೆ ತುಂಬುತ್ತಿದ್ದಳು. ನಮ್ಮನ್ನು ಕಂಡು ಎದ್ದಳು. ಎನಿಡ್ ಕೂರಲಿಲ್ಲ.

"ಆ ಪೇಪರಲ್ಲಿ ಏನೂ ಇರಲ್ಲ ಅಂತ ಅವನಿಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು" ಎಂದಳು ಲೋರ್ನಾ. "ಆವತ್ತು ಸಭಾಂಗಣದಿಂದ ಆಚೆ ಬರ್ತಿದ್ದ ಹಾಗೇ ತಲೆ ಚಚ್ಕೊಂಡ ಎನಿಡ್. 'ಬಾಗಿಲಲ್ಲಿ ಜನ ಇದ್ರು, ಗಾಬರೀಲಿ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ, ಮೂವತ್ತು ವರ್ಷ ಅಂದ್ರೆ ಯಾರಾದ್ರೂ ನಂಬ್ತಾರಾ' ಅಂದ. ಇನ್ನೊಂದ್ಸಲ ಎನ್ ಕೇಳಿದ್ರೆ ಸಾಕು, ಪ್ರಮಾಣ ಹಾಳಾಗಿ ಹೋಗ್ಲಿ, ಹೇಳ್ಬಿಡ್ತೀನಿ ಅಂದ."

"ಮತ್ಯಾಕೆ ಬಂದು ಹೇಳ್ಲಿಲ್ಲ?"

"ಕ್ರಿಸ್‌ಮಸ್ಸಿಗೆ ಬರ್ತಿದ್ನಲ್ಲ. ನೀನು ಪೆಟ್ಟಿಗೆ ತಗೊಂಡು ಒಳಗೆ ಹೋಗ್ತಿದ್ದೆ. 'ಎನ್ ಕೇಳ್ದೆ ನಾನಾಗೇ ಬಾಯಿ ಬಿಟ್ರೆ ನೆಪ ಹೇಳಿದ ಹಾಗೆ, ಅವಳ ಮಗಳು ಸತ್ತಿರೋವಾಗ ನನ್ನ ಸಮರ್ಥನೆ ಏನು' ಅಂತ ಅನ್ನೋನು. ಇವತ್ತು ಕೇಳ್ತಾಳೆ ಅಂತ ಹೋಗೋನು, ಕೇಳ್ಲಿಲ್ಲ ಅಂತ ವಾಪಸ್ ಬರೋನು."

ಎನಿಡ್ ಜಗುಲಿಯ ಕಂಬ ಹಿಡಿದುಕೊಂಡಳು. "ಏನು ಹೇಳ್ತಿದ್ದ? ನಿಂಗಾದ್ರೂ ಹೇಳಿರ್ಬೇಕಲ್ಲ. ಬೇಡ ಅಂದಿದ್ನಾ?"

"ನಾನೂ ಕೇಳ್ದೆ. ಆಸ್ಪತ್ರೇಲಿ, ಕೊನೇ ವಾರ್ದಲ್ಲೂ ಕೇಳ್ದೆ." ಲೋರ್ನಾ ಕೈಯಲ್ಲಿದ್ದ ಅಂಗಿಯನ್ನು ರಾಶಿಯ ಮೇಲಿಟ್ಟಳು. "ಮೊದಲು ಎನ್‌ಗೆ ಹೇಳ್ಬೇಕು ಅಂದ. ಯಾರು ಒಳಗೆ ಬಂದ್ರೂ ತಲೆ ಎತ್ತಿ ನೋಡ್ತಿದ್ದ."

ಎನಿಡ್ ನಿಂತಲ್ಲೇ ನೆಲದ ಮೇಲೆ ಕೂತಳು. ಆ ಬಟ್ಟೆಯ ರಾಶಿಯಿಂದ ಕೈಗೆ ಸಿಕ್ಕ ಅಂಗಿಯೊಂದನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಹೋದಾಗಲೂ ನಾನು ಆ ಅಳು ಕೇಳಿರಲಿಲ್ಲ. ಲೋರ್ನಾ ಅವಳ ಪಕ್ಕ ಕೂತಳು. ನನಗೂ ತಡೆಯಲಾಗಲಿಲ್ಲ, ಮೂವರೂ ಅತ್ತೆವು. ಎಷ್ಟು ಅತ್ತರೆ ಏನು ಬಂತು? ಹೇಳಬೇಕಾದವನು ಮಣ್ಣಿನಲ್ಲಿದ್ದ.

ಆ ವಾರದ ಕೊನೆಗೆ ಬೌಲ್ಸ್ ಕ್ಲಬ್ಬಿಗೆ ಅವಳನ್ನು ಎಳೆದುಕೊಂಡೇ ಹೋದೆ. ಮರ್ವ್ ಬಿಯರು ಹಿಡಿದು ಕೂತಿದ್ದ. ಈಗ ಅವನಿಗೆ ಮೊಣಕಾಲಲ್ಲಿ ಬಲವಿಲ್ಲ, ಬಾಯಲ್ಲಿ ಹಲ್ಲಿಲ್ಲ, ನಾಲಗೆ ಮಾತ್ರ ಹಾಗೇ ಇದೆ. "ಏನಮ್ಮಾ ಎನಿಡ್, ಪೇಪರು ನೋಡೋಕೆ ಹೋಗಿದ್ರಂತಲ್ಲ? ಏನು ಬರೆದಿತ್ತು ನಿನ್ ತಮ್ಮನ ಬಗ್ಗೆ? ಬಾಲ ಅಲ್ಲಾಡಿಸಿದ್ನಾ?" ಎಂದ. ಸುತ್ತ ಕೂತವರೆಲ್ಲ ಇತ್ತ ತಿರುಗಿದರು.

"ಬೇಡ ಅಂದ ಅಂತ ಬರೆದಿತ್ತು" ಎಂದಳು ಎನಿಡ್, ಗಟ್ಟಿಯಾಗಿ. "ಅಷ್ಟು ಜನರಲ್ಲಿ ಬೇಡ ಅಂದವನು ಅವನೊಬ್ಬನೇ. ನನ್ ಕಣ್ಣಾರೆ ಓದಿದೆ."

ಮರ್ವ್ ನನ್ನ ಕಡೆ ತಿರುಗಿದ. "ಹೌದು, ನಾನೂ ಓದಿದೆ" ಎಂದೆ. ಅವನು ಟೋಪಿ ತೆಗೆದ. "ಹಾಗಾದ್ರೆ ನಂದು ತಪ್ಪಾಯ್ತು. ಪಾಪ, ಒಳ್ಳೇ ಮನುಷ್ಯ" ಎಂದ. ಯಾರೋ ಕ್ಲೆಮ್ ಹೆಸರಿನಲ್ಲಿ ಎಲ್ಲರಿಗೂ ಬಿಯರು ಕೊಡಿಸಿದರು.

ಮನೆಗೆ ಬರುವಾಗ ಎನಿಡ್ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಗೇಟಿನ ಹತ್ತಿರ ನಿಂತಳು, ಚಿಲಕಕ್ಕೆ ಕೈ ಹಾಕಿದವಳು ತೆಗೆಯಲಿಲ್ಲ.

"ನೋಡೇ ಗ್ಲೆನಿಸ್" ಎಂದಳು. "ಯಾವ ಕಾಗದಾನೂ ಇಲ್ದೆ ಎಷ್ಟು ಸುಲಭವಾಗಿ ಅಂದ್ಬಿಟ್ಟೆ. ಆವತ್ತು ಅವನು ಕೈ ಚಾಚಿದಾಗಲೇ ನಾನು ಹಿಂಗೆ ಅಂದ್ಬಿಟ್ಟಿದ್ರೆ ಆಗ್ತಿತ್ತಲ್ಲೇ."